ಇದರಲ್ಲಿ ನಮ್ಮಕ್ಕ ಯಾವ ಚುಕ್ಕಿ?

ವಿಶ್ವವಿದ್ಯಾಲಯದ ಕುಲಪತಿಗಳೇ,

ನಮ್ಮಕ್ಕನ ಉಸಿರು ನಿಮ್ಮ ಹತ್ತಿರ ಇದೆ. ಎರಡು ವರ್ಷದ ಕೆಳಗೆ ನಿಮ್ಮವರು ನಮ್ಮ ಬೀದಿಗೆ ಬಂದು, ಒಂದು ಕೊಳವೆಗೆ ಊದಿಸಿ, ತೆಗೆದುಕೊಂಡು ಹೋದರು. ವಾಪಸ್ ಕೊಡಿ ಎಂದು ಕೇಳುವಷ್ಟು ದಡ್ಡ ನಾನಲ್ಲ. ಅವಳ ಎದೆಯಲ್ಲಿ ಎಷ್ಟು ಉಳಿದಿದೆ ಎಂದು ಅವತ್ತೇ ನಿಮಗೆ ಗೊತ್ತಾಗಿತ್ತು. ಅವಳಿಗೆ ಯಾಕೆ ಹೇಳಲಿಲ್ಲ? ನನ್ನ ಪ್ರಶ್ನೆ ಇಷ್ಟೇ. ಇದನ್ನು ಮರ್ಯಾದೆಯಾಗಿ ನಿಮ್ಮ ಕಚೇರಿಯಲ್ಲೇ ಕೇಳೋಣ ಅಂತ ಬಂದು ನಿಮ್ಮ ಬೆಂಚು ಸವೆಸಿದ್ದಾಯಿತು. ಅದಕ್ಕೇ ಈಗ ನಾಲ್ಕು ಜನರ ಮುಂದೆ ಕೇಳುತ್ತಿದ್ದೇನೆ.

ಬೈಯುವ ಮೊದಲು ಹೊಗಳಿಬಿಡುತ್ತೇನೆ, ಆಮೇಲೆ ಮರೆತುಹೋದೀತು. ಹೋದ ತಿಂಗಳು ನಿಮ್ಮ ಹೊಸ ಸಭಾಂಗಣದಲ್ಲಿ ಸಾರ್ವಜನಿಕರಿಗಾಗಿ ಸಂಶೋಧನಾ ಪ್ರದರ್ಶನ ಏರ್ಪಡಿಸಿದ್ದಿರಿ. ಬಾಗಿಲ ಮೇಲೆ ಉದ್ದದ ಬ್ಯಾನರು: 'ನಮ್ಮ ಸಂಶೋಧನೆಯ ವ್ಯಾಪ್ತಿ, ಧೂಳಿನ ಕಣದಿಂದ ನಕ್ಷತ್ರದವರೆಗೆ.' ನಕ್ಷತ್ರ ಯಾರದೋ ನನಗೆ ತಿಳಿಯದು. ಧೂಳಿನ ಕಣ ನಮ್ಮದು. ನಮ್ಮ ಬೀದಿ ಬಳಪದ ಬೀದಿ. ಕಲ್ಲನ್ನು ಗರಗಸಕ್ಕೆ ಒಡ್ಡಿ, ಕಡ್ಡಿ ಕಡ್ಡಿಯಾಗಿ ಸೀಳಿ, ಮಕ್ಕಳು ಸ್ಲೇಟಿನ ಮೇಲೆ ಅಕ್ಷರ ತಿದ್ದುವ ಬಳಪ ಮಾಡುವವರು ನಾವು. ಸೀಳುವಾಗ ಏಳುವ ಧೂಳು ಹಿಟ್ಟಿನಂತೆ ನುಣ್ಣಗಿರುತ್ತದೆ. ಮುಟ್ಟಿದರೆ ಹಿತವಾಗಿಯೇ ಇರುತ್ತದೆ. ಒಳಗೆ ಹೋದದ್ದು ಮಾತ್ರ ಹೊರಗೆ ಬರುವುದಿಲ್ಲ.

ಆ ಸಭಾಂಗಣದಲ್ಲಿ ಒಂದು ಸುತ್ತು ಹಾಕಿದವನಿಗೆ ನಿಮ್ಮ ವ್ಯಾಪ್ತಿ ಏನೆಂದು ಚೆನ್ನಾಗಿ ಅರ್ಥವಾಯಿತು. ರಸಾಯನಶಾಸ್ತ್ರದವರು ನಮ್ಮ ಧೂಳನ್ನು ಸಿಮೆಂಟಿಗೆ ಬೆರೆಸಿ ಗಟ್ಟಿ ಇಟ್ಟಿಗೆ ಮಾಡಿದ್ದಾರೆ. ಭೌತಶಾಸ್ತ್ರದವರು ನಮ್ಮ ಗರಗಸ ಎಷ್ಟು ಕಿರುಚುತ್ತದೆ ಎಂದು ಅಳೆದಿದ್ದಾರೆ. ಸಸ್ಯಶಾಸ್ತ್ರದವರು ಧೂಳು ಕೂತ ಎಲೆ ಹೇಗೆ ಉಸಿರಾಡುತ್ತದೆ ಎಂದು ಮರುಗಿದ್ದಾರೆ. ಎಲೆಯ ಬಗ್ಗೆ ಅಷ್ಟು ಕರುಣೆಯಿಂದ ಬರೆದದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಕಂಪ್ಯೂಟರಿನವರು ನಮ್ಮ ಹೆಂಗಸರ ಕೆಮ್ಮು ಧ್ವನಿಮುದ್ರಿಸಿ, ಕೆಮ್ಮು ಕೇಳಿಯೇ ಕಾಯಿಲೆ ಹೇಳಲು ಯಂತ್ರಕ್ಕೆ ಕಲಿಸಿದ್ದಾರೆ. ಸಮಾಜಶಾಸ್ತ್ರದವರು ಅದೇ ಹೆಂಗಸರ ಸಹನಶಕ್ತಿಯನ್ನು ಕೊಂಡಾಡಿದ್ದಾರೆ. ಎಲ್ಲ ಫಲಕದಲ್ಲೂ ಅದೇ ಬೀದಿ, ಅದೇ ನಲ್ಲಿ, ಅದೇ ನೀಲಿ ಬಾಗಿಲು. ನೀಲಿ ಬಾಗಿಲು ನಮ್ಮ ಮನೆಯದು ಸ್ವಾಮಿ. ನಿಮ್ಮ ಗೇಟಿನಿಂದ ಒಂದು ಹಾಡು ಗುನುಗಿ ಮುಗಿಸುವಷ್ಟರಲ್ಲಿ ನಡೆದುಬರಬಹುದಾದ ಒಂದೇ ಬೀದಿಯ ಮೇಲೆ ಇಷ್ಟೊಂದು ಶಾಸ್ತ್ರಗಳು ಕೂತು ಉಂಡಿವೆ. ಉಂಡೂ ಹೋದ, ಕೊಂಡೂ ಹೋದ ಅನ್ನುವ ಗಾದೆಯನ್ನು ನೀವು ಬಾಗಿಲಿಗೆ ಬರೆಸಬೇಕಿತ್ತು. ಬ್ಯಾನರಿನ ಬಟ್ಟೆಯಾದರೂ ಉಳಿಯುತ್ತಿತ್ತು.

ನಾನು ವಿಜ್ಞಾನದ ಶತ್ರು ಎಂದು ತಳ್ಳಿಹಾಕಬೇಡಿ, ಆ ಉಪಾಯ ನನ್ನ ಹತ್ತಿರ ನಡೆಯುವುದಿಲ್ಲ. ಈ ವಿಶ್ವವಿದ್ಯಾಲಯ ಆಕಾಶದಿಂದ ಉದುರಿದ್ದಲ್ಲ. ನಮ್ಮೂರಿಗೆ ಇಂಥದ್ದೊಂದು ಬೇಕೇ ಬೇಕು ಎಂದು ಬೀದಿಗಿಳಿದವರಲ್ಲಿ ನಮ್ಮ ಬೀದಿಯವರೇ ಹೆಚ್ಚು. ಗರಗಸ ನಿಲ್ಲಿಸಿ, ಕೂಲಿ ಬಿಟ್ಟು, ಹೆದ್ದಾರಿಯಲ್ಲಿ ಮಲಗಿದೆವು. ಅಕ್ಕ ಆಗ ಮದುವೆಯಾಗದ ಹುಡುಗಿ, ಎಂಟನೇ ತರಗತಿಗೆ ಶಾಲೆ ಬಿಟ್ಟವಳು. ಲಾಠಿ ಬೀಸಿದ ಪೊಲೀಸಿನವನಿಗೆ ಅವಳು ಹೇಳಿದ ಮಾತು ಊರಲ್ಲಿ ಇವತ್ತಿಗೂ ಓಡಾಡುತ್ತದೆ: "ಹೊಡಿ ಅಣ್ಣಾ, ನಾಳೆ ನಿನ್ ಮಗಳೂ ಇಲ್ಲೇ ಓದ್ತಾಳೆ. ಆಗ ನೆನಪಿಟ್ಕೋ." ಓದಿದಳಂತೆ, ಅವನ ಮಗಳು. ಸಂತೋಷ. ನೀವು ಕೂತಿರುವ ಕುರ್ಚಿಯ ನಾಲ್ಕು ಕಾಲಲ್ಲಿ ಒಂದು ಕಾಲು ನಮ್ಮದು ಎಂದು ಹೇಳಲಿಕ್ಕೆ ಇದನ್ನು ಬರೆದೆ, ಬೇರೆ ಉದ್ದೇಶವಿಲ್ಲ.

ಹೀಗಾಗಿ ನಿಮ್ಮ ವೈದ್ಯಕೀಯ ವಿಭಾಗದವರು ಬಿಳಿ ಕೋಟು ಹಾಕಿಕೊಂಡು ಉಸಿರಿನ ಯಂತ್ರ ಹೊತ್ತು ಬಂದಾಗ, ನಮ್ಮ ಬೀದಿಗೆ ಮನೆಮಗ ಬಂದಂತಾಯಿತು. ಬಳಪ ಸೀಳುವ ಶೆಡ್ಡಿನಲ್ಲಿ ಕೆಲಸ ಮಾಡುವ ಹೆಂಗಸರು ಮೊದಲು ಹಿಂದೆಮುಂದೆ ನೋಡಿದರು. ಮನೆಮನೆಗೆ ಹೋಗಿ ಕೈಹಿಡಿದು ಎಳೆದುಕೊಂಡು ಬಂದವಳು ಅಕ್ಕ. "ನಮ್ ಯೂನಿವರ್ಸಿಟಿ ಕಣ್ರೇ, ಬೇರೆಯವರಲ್ಲ" ಅಂತ. ನಮ್ಮ ಕಟ್ಟೆಯ ಮೇಲೆ ಯಂತ್ರ ಇಟ್ಟರು, ಮೂಗಿಗೆ ಕ್ಲಿಪ್ಪು ಹಾಕಿದರು. ಪಕ್ಕದ ಮನೆಯವಳಿಗೆ ರೇಡಿಯೋ ಅಂತ ಅಡ್ಡಹೆಸರು, ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲ. ಅವಳು ಕ್ಲಿಪ್ಪು ಹಾಕಿಕೊಂಡೇ ಮಾತಾಡಿದಳು.

"ಜೋರಾಗಿ ಊದಿ ಅಮ್ಮ, ಒಳಗಿರೋದೆಲ್ಲ ಹೊರಗೆ ಬರ್ಬೇಕು" ಅಂದ ನಿಮ್ಮವನು.

"ಒಳಗಿರೋದೆಲ್ಲ ಹೊರಗೆ ಬಂದ್ರೆ ನಮ್ಮತ್ತೆ ಊರು ಬಿಡ್ತಾಳೆ, ಪರವಾಗಿಲ್ವ?"

ಬೀದಿಯೆಲ್ಲ ನಕ್ಕಿತು. ಅಕ್ಕ ತನ್ನ ಸರದಿ ಬಂದಾಗ ಊದಿ, ಕೆಮ್ಮಿ, ಮತ್ತೆ ಊದಿ, ಮತ್ತೆ ಕೆಮ್ಮಿದಳು. ನಿಮ್ಮವನು ಯಂತ್ರ ನೋಡಿದ, ಅವಳ ಮುಖ ನೋಡಿದ, "ಥ್ಯಾಂಕ್ಸ್ ಅಮ್ಮ" ಅಂದ.

ಇಲ್ಲಿ ನಮ್ಮ ಜನ ಒಂದು ತಪ್ಪು ಮಾಡಿದರು. ಅದು ನಂಬಿದವರು ಮಾತ್ರ ಮಾಡುವ ತಪ್ಪು. ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ಬಂದರೆ, ಏನಾದರೂ ಇದ್ದರೆ ಕರೆದು ಹೇಳುತ್ತಾರೆ, ಕರೆಯದಿದ್ದರೆ ಏನೂ ಇಲ್ಲ ಎಂದರ್ಥ. ನಮಗೆ ಗೊತ್ತಿರುವ ಲೆಕ್ಕ ಅದೊಂದೇ. ನೀವು ಕರೆಯಲಿಲ್ಲ. ಆದ್ದರಿಂದ ಬೀದಿಗೆ ಬೀದಿಯೇ ಆರೋಗ್ಯವಾಗಿದೆ ಎಂದು ತೀರ್ಮಾನವಾಯಿತು. ಅಕ್ಕನ ಕೆಮ್ಮು ಹೆಚ್ಚಾಗಿ, ದೊಡ್ಡಾಸ್ಪತ್ರೆಗೆ ಹೋಗೋಣ ಬಾ ಎಂದು ನಾನು ಗಂಟು ಬಿದ್ದಾಗಲೆಲ್ಲ ಅವಳದು ಒಂದೇ ಉತ್ತರ: "ಯೂನಿವರ್ಸಿಟಿಯವ್ರೇ ನೋಡಿದಾರಲ್ಲೋ. ಏನಾದ್ರೂ ಇದ್ದಿದ್ರೆ ಹೇಳ್ದೆ ಇರ್ತಿದ್ರಾ? ಧೂಳಿಗೆ ಕೆಮ್ಮು ಬರ್ದೆ ಇನ್ನೇನು ಹಾಡು ಬರತ್ತಾ?" ನಿಮ್ಮ ಮೌನವನ್ನೇ ಸರ್ಟಿಫಿಕೇಟ್ ಮಾಡಿಕೊಂಡು ಅವಳು ಗರಗಸದ ಮುಂದೆ ಕೂತಳು. ಅವಳನ್ನು ನೋಡಿ ಉಳಿದವರೂ ಕೂತರು.

ಪ್ರದರ್ಶನಕ್ಕೂ ನನ್ನನ್ನು ಹೊರಡಿಸಿದ್ದು ಅವಳೇ. ಒಳ್ಳೆ ಬಟ್ಟೆ ಹಾಕಿಕೊಂಡು ಬಂದಿದ್ದಳು. ನಿಮ್ಮ ಮೆಟ್ಟಿಲ ಮೇಲೆ ಮೂರು ಕಡೆ ಕೂತು ಸುಧಾರಿಸಿಕೊಂಡು ಒಳಗೆ ಬಂದಳು. ತನ್ನ ನೀಲಿ ಬಾಗಿಲು ಕಂಡೊಡನೆ "ಅಯ್ಯೋ, ಬಣ್ಣ ಬಳಿಸ್ಬೇಕಿತ್ತು" ಅಂದಳು. ವೈದ್ಯಕೀಯ ವಿಭಾಗದ ಫಲಕದ ಮುಂದೆ ನಿಂತಿದ್ದವಳು ನಿಮ್ಮ ಸಂಶೋಧನಾ ವಿದ್ಯಾರ್ಥಿನಿ, ಒಳ್ಳೆಯ ಹುಡುಗಿ. ಅವಳ ಮೇಲೆ ನನಗೆ ಸಿಟ್ಟಿಲ್ಲ. ತುಂಬ ಉತ್ಸಾಹದಿಂದ ವಿವರಿಸಿದಳು. "ಇಲ್ಲಿರೋ ಒಂದೊಂದು ಚುಕ್ಕಿನೂ ಒಬ್ಬೊಬ್ರು ಅಮ್ಮ. ಈ ಕೆಂಪು ಗೆರೆ ಇದೆಯಲ್ಲ, ಅದರ ಕೆಳಗಿರೋರಿಗೆ ಉಸಿರು ಅರ್ಧಕ್ಕಿಂತ ಜಾಸ್ತಿ ಹೋಗಿಬಿಟ್ಟಿದೆ. ಅವರು ತಕ್ಷಣ ಕೆಲಸ ಬಿಡ್ಬೇಕಿತ್ತು."

ಗೆರೆಯ ಕೆಳಗೆ ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿಗಳಿದ್ದವು.

ಅಕ್ಕ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದಳು. "ಇದರಲ್ಲಿ ನಾನು ಯಾವ ಚುಕ್ಕಿ ಮಗಳೇ?"

ಹುಡುಗಿಗೆ ಆಗ ಗೊತ್ತಾಯಿತು, ಎದುರು ನಿಂತಿರುವುದು ಯಾರು ಅಂತ. "ಅದು... ಹೇಳೋ ಹಾಗಿಲ್ಲಮ್ಮ. ಗೌಪ್ಯ."

"ನನ್ ಉಸಿರು ನನಗೇ ಗೌಪ್ಯನಾ?"

ಅಕ್ಕ ಹುಡುಗಿಯ ಕೈ ಹಿಡಿದುಕೊಂಡಳು. "ಹೋಗ್ಲಿ, ನಂದು ಬಿಡು. ರೇಡಿಯೋದಾದ್ರೂ ಹೇಳು. ಅವಳಿಗೆ ಇನ್ನೂ ನಡೆಯೋಕೆ ಬಾರದ ಮಗು ಇದೆ. ಅವಳನ್ನ ಆ ಯಂತ್ರದ ಮುಂದೆ ಎಳ್ಕೊಂಡು ಬಂದೋಳು ನಾನು."

ಫಲಕದ ಕೆಳಗೆ ಶೆಡ್ಡಿನ ಮಾಲೀಕರಿಗೆ 'ತುಂಬು ಹೃದಯದ ಕೃತಜ್ಞತೆ' ಇತ್ತು. ಹೃದಯ ತುಂಬಿದ್ದವರಿಗೆ ಶ್ವಾಸಕೋಶದ ಕಡೆ ಗಮನ ಹೋಗಲಿಲ್ಲ, ಪಾಪ.

ಮರುವಾರ ನಿಮ್ಮ ಸಂಶೋಧನಾ ವಿಭಾಗದ ಅಧಿಕಾರಿಗಳು ನನಗೆ ತಿಳಿವಳಿಕೆ ಹೇಳಿದರು. ಹೆಸರು ಬಯಲಾಗದಂತೆ ಕಾಪಾಡುವುದು ಸಂಶೋಧನೆಯ ಧರ್ಮವಂತೆ. ಅದಕ್ಕಾಗಿ ಯಾವ ಉಸಿರು ಯಾರದೆಂಬ ಗುರುತನ್ನೆಲ್ಲ ಅಳಿಸಿಹಾಕಿದ್ದಾರಂತೆ. ಫಲಿತಾಂಶ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆಯಂತೆ, ಬೇಕಾದವರು ಓದಿಕೊಳ್ಳಬಹುದಂತೆ. "ನಾವು ಸಂಶೋಧಕರು, ಚಿಕಿತ್ಸಕರಲ್ಲ ನೋಡಿ" ಎಂದು ನಕ್ಕರು. ಕುಲಪತಿಗಳೇ, ಒಬ್ಬ ಮನುಷ್ಯ ಬಾವಿಯ ಕಡೆ ನಡೆಯುತ್ತಿದ್ದಾನೆ, ಮುಂದೆ ಬಾವಿ ಇದೆ ಕಣಪ್ಪ ಅನ್ನಲಿಕ್ಕೆ ಚಿಕಿತ್ಸಕನೇ ಆಗಬೇಕೆ? ಹೆಸರು ಕಾಪಾಡಿದಿರಿ. ಹೆಸರಿಟ್ಟುಕೊಂಡವರನ್ನು? ನೀವು ಬರೆದದ್ದು ಸುಳ್ಳಲ್ಲ, ಪ್ರತಿ ಅಕ್ಷರವೂ ನಿಜ, ಅದೇ ನನ್ನ ಹೊಟ್ಟೆ ಉರಿಸುವುದು. ಸುಳ್ಳು ಹೇಳುವವರನ್ನು ನಾವು ಜೀವನವಿಡೀ ಎದುರಿಸಿದ್ದೇವೆ, ಮಾಲೀಕರು, ಮಂತ್ರಿಗಳು, ಮೇಸ್ತ್ರಿಗಳು. ನಿಜವನ್ನು ಕಂಡುಹಿಡಿದು, ಅದು ಯಾರ ಮೈಯ ಮೇಲಿನ ನಿಜವೋ ಅವರನ್ನೊಬ್ಬರನ್ನು ಬಿಟ್ಟು ಲೋಕಕ್ಕೆಲ್ಲ ಹೇಳುವವರನ್ನು ಕಂಡದ್ದು ಇದೇ ಮೊದಲು.

ಅಕ್ಕನನ್ನು ಕೊನೆಗೂ ದೊಡ್ಡಾಸ್ಪತ್ರೆಗೆ ಕರೆದೊಯ್ದೆ. ಹೋದ ಉಸಿರು ಬರುವುದಿಲ್ಲ, ಉಳಿದದ್ದನ್ನು ಜೋಪಾನ ಮಾಡಿ, ಎರಡು ವರ್ಷ ಮೊದಲೇ ಬರಬಾರದಿತ್ತೆ ಎಂದರು ಡಾಕ್ಟರು. ಎರಡು ವರ್ಷ ಮೊದಲು, ಹೌದು. ಈಗ ಅವಳು ಮಲಗುವುದಿಲ್ಲ, ಗೋಡೆಗೆ ದಿಂಬು ಕೊಟ್ಟು ಒರಗುತ್ತಾಳೆ. ರೇಡಿಯೋ ಇನ್ನೂ ಶೆಡ್ಡಿಗೆ ಹೋಗುತ್ತಾಳೆ. ಮೊನ್ನೆ ಅಕ್ಕನನ್ನು ನೋಡಲು ಬಂದವಳು ಮಾತಿನ ನಡುವೆ ನಿಲ್ಲಿಸಿ ಉಸಿರು ಎಳೆದುಕೊಂಡಳು. ಅಕ್ಕ ನನ್ನ ಮುಖ ನೋಡಿದಳು. ಆ ನೋಟವೇ ಈ ಪತ್ರ.

ನಮ್ಮ ಬೇಡಿಕೆ ಪರಿಹಾರವಲ್ಲ, ತನಿಖಾ ಸಮಿತಿಯಲ್ಲ. ಸಮಿತಿಯ ಮೇಲೂ ನೀವೊಂದು ಸಂಶೋಧನೆ ಮಾಡೀರಿ. ಗುರುತು ಅಳಿಸಿದ್ದೇವೆ ಅಂದಿರಲ್ಲ, ಸರಿ. ಅದೇ ಯಂತ್ರವನ್ನು ಅದೇ ಕಟ್ಟೆಯ ಮೇಲೆ ತಂದಿಡಿ. ಎಲ್ಲರೂ ಮತ್ತೆ ಊದುತ್ತಾರೆ. ಈ ಸಲ ಊದಿದವಳ ಪಕ್ಕದಲ್ಲೇ ಕೂತು, ಅವಳಿಗೆ ಅರ್ಥವಾಗುವ ಮಾತಿನಲ್ಲಿ, ಅವಳ ಮುಖ ನೋಡಿ ಹೇಳಬೇಕು: ನೀನು ಗೆರೆಯ ಮೇಲಿದ್ದೀಯ, ನೀನು ಕೆಳಗಿದ್ದೀಯ, ನಾಳೆಯಿಂದ ಗರಗಸದ ಮುಂದೆ ಕೂರಬೇಡ. ಹೇಳುವವರಲ್ಲಿ ನೀವೂ ಇರಬೇಕು. ಶೆಡ್ಡಿನಲ್ಲಿ ಧೂಳು ಹೀರುವ ವ್ಯವಸ್ಥೆ ಆಗುವವರೆಗೆ ನಿಮ್ಮ ಯಾವ ಶಾಸ್ತ್ರದವರೂ ನಮ್ಮ ಬೀದಿಗೆ ಕಾಲಿಡಬಾರದು. ಎಲೆ ನೋಡುವವರೂ ಅಷ್ಟೇ.

ನೀವು ಬರದಿದ್ದರೆ ನಾವು ಬರುತ್ತೇವೆ. ದಾರಿ ಗೊತ್ತಿದೆ, ಹೆದ್ದಾರಿಯಲ್ಲಿ ಮಲಗಿ ಮಾಡಿದ ದಾರಿ ಅದು. ಅಕ್ಕನನ್ನು ಕುರ್ಚಿಯಲ್ಲಿ ಹೊತ್ತು ತರುತ್ತೇವೆ. ಬೀದಿಯ ಹೆಂಗಸರೆಲ್ಲ ಇನ್ನೂ ನಿಮ್ಮ ಗೋಡೆಯ ಮೇಲಿರುವ ಆ ಫಲಕದ ಕೆಳಗೆ ಕೂರುತ್ತಾರೆ. ಮತ್ತೆ ಊದಿಸಿಯಾದರೂ ರೇಡಿಯೋದ ಚುಕ್ಕಿ ಯಾವುದೆಂದು ಹೇಳುವವರೆಗೆ ಏಳುವುದಿಲ್ಲ. ನೋಡಲು ಬರುವ ಸಾರ್ವಜನಿಕರು ಚುಕ್ಕಿಗಳನ್ನು ಹತ್ತಿರದಿಂದ ನೋಡಲಿ. ಕೆಮ್ಮುವುದನ್ನು ಕೇಳಲಿ.

ಇಂತಿ,
ನಿಮ್ಮ ಗೋಡೆಯ ಮೇಲೆ, ಕೆಂಪು ಗೆರೆಯ ಕೆಳಗೆ, ಎಲ್ಲೋ ಒಂದು ಕಡೆ ಇರುವ ಒಂದು ಚುಕ್ಕಿಯ ತಮ್ಮ