ನಿನ್ನ ಕೆಂಪು ಹೀಲ್ಸ್

ಮ್ಯಾಂಚೆಸ್ಟರ್, ನವೆಂಬರ್ 2004

ಚರಿಷ್ಮಾ,

ಇವತ್ತು ನಿನ್ನ ಗಂಡ ಅಶ್ವಥ್ ನನ್ನ ಅಂಗಡಿಗೆ ಬಂದಿದ್ದ. ಜೊತೆಗೆ ಪ್ರತೀಕ್ಷಾ ಎಂಬ ಹುಡುಗಿ. ಬರುವ ತಿಂಗಳು ಅವರಿಬ್ಬರ ಮದುವೆಯಂತೆ. ನಿನ್ನ ಮದುವೆಗೆಂದು ನಾನು ಮಾಡಿಕೊಟ್ಟಿದ್ದ ಕೆಂಪು ಮಖಮಲ್ಲಿನ ಹೀಲ್ಸನ್ನು ಮೇಜಿನ ಮೇಲಿಟ್ಟು, "ಇಂಥದ್ದೇ ಇವಳಿಗೂ ಬೇಕು. ಹೀಲ್ ಇನ್ನೂ ಸ್ವಲ್ಪ ಎತ್ತರ ಇರ್ಲಿ" ಅಂದ.

ನೀನು ತೀರಿಕೊಂಡಾಗ ಎಲ್ಲರೂ ದೂರಿದ್ದು ಆ ಹೀಲನ್ನೇ. ಡಿಡ್ಸ್‌ಬರಿಯ ನಿಮ್ಮ ಮನೆಯೊಳಗೆ, ಮಹಡಿಯ ಮೆಟ್ಟಿಲಲ್ಲಿ, ಹೀಲ್ ಜಾರಿ ಬಿದ್ದಳು ಎಂದು ಅಶ್ವಥ್ ಹೇಳಿದ್ದ. ಆಮೇಲೆ ನಾನು ಎತ್ತರದ ಹೀಲ್ ಮಾಡಲೇ ಇಲ್ಲ. ನನ್ನ ಚಪ್ಪಟೆ ತಳದ ಶೂಗಳನ್ನು ಪತ್ರಿಕೆಗಳು ಹೊಸ ಶೈಲಿ ಎಂದು ಹೊಗಳಿದವು, ಲಂಡನ್ನಿನ ಶ್ರೀಮಂತರು ಹುಡುಕಿಕೊಂಡು ಬಂದರು. ನನಗೆ ಹೆಸರು ಬಂದದ್ದು ಹಾಗೆ.

ಪ್ರತೀಕ್ಷಾ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದಳು. ಶೂ ಅಂಗಡಿಗೂ ಹಾಗೆ ಬರುತ್ತಿದ್ದವಳು ನೀನೊಬ್ಬಳೇ. ನಾನು ನಕ್ಕರೆ ನೀನು, "ಒಳಗೆ ಚಪ್ಪಲಿ ಹಾಕ್ಕೊಂಡು ತಿರುಗುದು ನನ್ನಿಂದಾಗ್ಲಿಕ್ಕಿಲ್ಲ ಮಾರಾಯ್ತಿ" ಅನ್ನುತ್ತಿದ್ದೆ.

ಮನೆಯೊಳಗಿನ ಮೆಟ್ಟಿಲ ಮೇಲೆ ನಿನ್ನ ಕಾಲಿಗೆ ಹೀಲ್ಸ್ ಹೇಗೆ ಬಂತು ಎಂದು ಅವತ್ತು ಯಾರೂ ಕೇಳಲಿಲ್ಲ.

ನೆಲದ ಮೇಲೆ ಕೂತು ಪ್ರತೀಕ್ಷಾಳ ಪಾದದ ಅಳತೆ ತೆಗೆದೆ. "ಮುಂದಿನ ಸಲ ನೀವೊಬ್ಬರೇ ಬನ್ನಿ" ಎಂದು ಮೆಲ್ಲಗೆ ಹೇಳಿದೆ.

ಅವಳು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅಶ್ವಥ್, "ನಾನೇ ಕರ್ಕೊಂಡು ಬರ್ತೇನೆ" ಅಂದ.

ನಿನ್ನ ಅಳತೆ ತೆಗೆದ ದಿನವೂ ಅವನು ಇದನ್ನೇ ಹೇಳಿದ್ದ. ಎಷ್ಟು ಪ್ರೀತಿ ನೋಡು ಎಂದು ನಾವಿಬ್ಬರೂ ನಕ್ಕಿದ್ದೆವು.

ಇವತ್ತು ಪ್ರತೀಕ್ಷಾ ನಕ್ಕಳು.

ವಸಂತಿ