ಹಿಲ್ದವ್ವ ಕ್ಷಮೆ ಕೇಳಲಿಲ್ಲ

ತಂಬೂರ, ತಾ. ಕಲಘಟಗಿ
ರವಿವಾರ, ೧೬-೨-೧೯೮೬

ದೇವಿಕೊಪ್ಪದ ಶ್ರೀ ಮಲಕಪ್ಪ ಅವರಿಗೆ ಸಾವಂತ್ರೆವ್ವ ಮಾಡುವ ನಮಸ್ಕಾರಗಳು.

ನಿಮ್ಮ ಹೆಸರನ್ನು ಬಾಯಿಂದ ಎಂದೂ ಅಂದವಳಲ್ಲ ನಾನು. ಕಾಗದದ ಮೇಲೆ ಬರೆಯುವಾಗಲೂ ಕೈ ಒಂದಿಷ್ಟು ತಡೆಯಿತು, ಆದರೂ ಬರೆದೆ. ಇಲ್ಲಿ ನಾನು, ಅಣ್ಣ ಭರಮಪ್ಪ, ಅತ್ತಿಗೆ, ಅವರ ಮಕ್ಕಳು ಎಲ್ಲರೂ ಚೆನ್ನಾಗಿದ್ದೇವೆ. ಅತ್ತೆಯವರ ಮೊಣಕಾಲು ನೋವು ಈಗ ಹೇಗಿದೆಯೋ ನೀವು ಬರೆದಿಲ್ಲ.

ನಿಮ್ಮ ಪತ್ರ ಗುರುವಾರ ತಲುಪಿತು. ಬಾಲವಾಡಿಯಲ್ಲಿ ಹುಡುಗರಿಗೆ ಉಪ್ಪಿಟ್ಟು ಬಡಿಸುತ್ತಿದ್ದಾಗ ಪೋಸ್ಟಿನವರು ಅಲ್ಲಿಗೇ ತಂದು ಕೊಟ್ಟರು. ಆರು ವರ್ಷದಲ್ಲಿ ನಿಮ್ಮಿಂದ ಬಂದ ಮೊದಲ ಪತ್ರ. ಮೂರು ಸಲ ಓದಿದೆ. ಎರಡು ವಿಷಯ ಬರೆದಿದ್ದೀರಿ. ಅಷ್ಟು ಮಂದಿಯ ಎದುರು ಹಾಗೆ ನಿಲ್ಲುವ ಧೈರ್ಯ ನಿನಗೆ ಎಲ್ಲಿಂದ ಬಂತು ಎಂದು ಕೇಳಿದ್ದೀರಿ. ಶಿವರಾತ್ರಿಯ ಒಳಗೆ ಕರೆದೊಯ್ಯಲು ಬರುತ್ತೇನೆ, ಗಂಟು ಕಟ್ಟಿಕೊಂಡಿರು ಎಂದೂ ಬರೆದಿದ್ದೀರಿ. ಎರಡಕ್ಕೂ ಉತ್ತರ ಕೊಡುತ್ತೇನೆ. ಆದರೆ ನಾಟಕಕ್ಕೆ ನೀವು ಬಂದದ್ದು ಕೊನೆಯ ಪ್ರವೇಶದ ಹೊತ್ತಿಗೆ. ಅದಕ್ಕೇ ಮೊದಲಿನಿಂದ ಹೇಳಬೇಕು.

ನಮ್ಮ ಊರ ಶಾಲೆಗೆ ಈ ವರ್ಷ ಇಪ್ಪತ್ತೈದು ತುಂಬಿತು. ಹೆಡ್‌ಮಾಸ್ತರರಾದ ಕುಬೇರಪ್ಪನವರಿಗೆ ಇತಿಹಾಸದ ಹುಚ್ಚು. ನಮ್ಮ ರಾಜರ ನಾಟಕಗಳನ್ನೆಲ್ಲ ಊರ ಮಂದಿ ಎಷ್ಟೋ ಸಲ ನೋಡಿಬಿಟ್ಟಿದ್ದಾರೆ, ಮುಂದಿನ ಮಾತನ್ನು ಪಾತ್ರಧಾರಿಗಿಂತ ಮೊದಲೇ ಹೇಳುತ್ತಾರೆ ಎಂದು ಅವರಿಗೆ ಬೇಸರ. ಧಾರವಾಡದ ಹಳೆಯ ಪುಸ್ತಕದ ಅಂಗಡಿಯಿಂದ ತಂದ ಇಂಗ್ಲೆಂಡಿನ ಇತಿಹಾಸ ಓದಿ, ಸಾವಿರ ವರ್ಷದ ಹಿಂದೆ ಆ ದೇಶದಲ್ಲಿದ್ದ ಆಂಗ್ಲೋ-ಸ್ಯಾಕ್ಸನ್ ಎಂಬ ಜನರ ಮೇಲೆ ತಾವೇ ಒಂದು ನಾಟಕ ಕಟ್ಟಿದರು. ಸಮುದ್ರದ ದಂಡೆಗೆ ಒಂದು ಮಠ. ಅಲ್ಲಿ ಹೆಣ್ಣುಮಕ್ಕಳೇ ಸನ್ಯಾಸ ತೊಟ್ಟು ಇರುತ್ತಾರೆ. ಅವರಲ್ಲಿ ಹಿಲ್ಡಗಿತ್ ಎಂಬವಳ ಕೈಯಲ್ಲಿ ಮಠದ ಬೀಗದಕೈಗಳು. ಮಂದಿ ಕಂಡರೆ ಜಪ ಮಾಡುತ್ತಾಳೆ, ಕಣ್ಣು ಮಾತ್ರ ಹಿರಿಯ ಸನ್ಯಾಸಿನಿಯ ಗಾದಿಯ ಮೇಲೆ. ಹಡಗಿನಲ್ಲಿ ಬರುವ ಲೂಟಿಕೋರರಿಗೆ ಬಾಗಿಲು ತೆಗೆಯುವ ಮಾತು ಕೊಡುತ್ತಾಳೆ. ಮಠದಲ್ಲಿ ಅಡಗಿರುವ ಎಳೆಯ ರಾಜಕುಮಾರನ ಹಾಲಿಗೆ ವಿಷ ಬೆರೆಸುತ್ತಾಳೆ. ಕೊನೆಗೆ ಸಿಕ್ಕಿಬಿದ್ದು, ಹಿರಿಯ ಸನ್ಯಾಸಿನಿಯ ಕಾಲು ಹಿಡಿದು ಕ್ಷಮೆ ಕೇಳಿ ಅಲ್ಲಿಯೇ ಪ್ರಾಣ ಬಿಡುತ್ತಾಳೆ. ಊರಲ್ಲಿ ಯಾರ ನಾಲಿಗೆಗೂ ಆ ಹೆಸರು ಹೊರಳಲಿಲ್ಲ. ಎರಡೇ ದಿನದಲ್ಲಿ ಅವಳು ಹಿಲ್ದವ್ವ ಆದಳು.

ಹಿಲ್ದವ್ವನ ಪಾತ್ರಕ್ಕೆ ಹುಬ್ಬಳ್ಳಿಯಿಂದ ಒಬ್ಬ ಪಾತ್ರಧಾರಿಣಿ ಬರಬೇಕಿತ್ತು. ಆಕೆಗೆ ವಿಷಮಜ್ವರ ಬಂತು. ಮೇಲಿನ ತರಗತಿಯ ಹುಡುಗಿಯರನ್ನು ಕೇಳಿದರೆ ಅವರ ಅಪ್ಪಂದಿರು, ಕೂಸಿಗೆ ವಿಷ ಹಾಕಿದಾಕೆಯನ್ನು ನಾಳೆ ಯಾರು ಮದುವೆಯಾಗುತ್ತಾರೆ ಎಂದರು. ಆಗ ಮಾಸ್ತರರು ಬಾಲವಾಡಿಗೆ ಬಂದರು.

"ತಂಗೀ, ಈ ಪಾತ್ರ ಮಾಡಾಕ ಎದಿ ಬೇಕು. ನೀ ಮಾಡ್ತಿ ಅಂತ ನನಗ ಅನಸ್ತೈತಿ" ಎಂದರು.

ಅವರು ಒಳ್ಳೆಯ ಮನಸ್ಸಿನಿಂದಲೇ ಅಂದರು. ಆದರೆ ನನ್ನನ್ನೇ ಏಕೆ ಕೇಳಿದರೆಂಬುದು ನನಗೆ ತಿಳಿಯದ್ದೇನಲ್ಲ. ಕೆಡಲು ನನ್ನಲ್ಲಿ ಇನ್ನೇನೂ ಉಳಿದಿಲ್ಲವೆಂದು ಊರಿಗೆಲ್ಲ ಗೊತ್ತು. ಗಂಡ ಬಿಟ್ಟವಳು. ಹಾಗೆಂದು ಯಾರೂ ನನ್ನ ಎದುರಿಗೆ ಅಂದವರಲ್ಲ. "ಪಾಪ, ಸಾವಂತ್ರೆವ್ವ" ಎನ್ನುತ್ತಾರೆ. ಬಸ್ಸಿನಲ್ಲಿ ಜಾಗ ಕೊಡುವಾಗಲೂ ಪಾಪ, ಮದುವೆಯಲ್ಲಿ ಅರಿಷಿಣ ಹಚ್ಚಲು ಕರೆಯದೆ ಅಡುಗೆಗೆ ಕರೆಯುವಾಗಲೂ ಪಾಪ.

ಮಾಡುತ್ತೇನ್ರಿ ಎಂದುಬಿಟ್ಟೆ.

ಅಣ್ಣ ನಾಲ್ಕು ದಿನ ನನ್ನ ಜೊತೆ ಮಾತು ಬಿಟ್ಟ. ಐದನೆಯ ದಿನ, "ಮಂದಿ ಏನಂತಾರ ಗೊತ್ತೈತೇನ ನಿನಗ?" ಎಂದು ಕೇಳಿದ. ಆರು ವರ್ಷದಿಂದ ಏನನ್ನುತ್ತಿದ್ದಾರೋ ಅದು ಗೊತ್ತಿದೆ, ಇನ್ನು ಬೇರೆ ಏನಾದರೂ ಅನ್ನಲಿ ಎಂದೆ. ಅವನು ಎತ್ತುಗಳಿಗೆ ಮೇವು ಹಾಕಲು ಎದ್ದು ಹೋದ. ಬೇಡ ಎಂದು ಮಾತ್ರ ಅನ್ನಲಿಲ್ಲ.

ದಿನಾಲು ಶಾಲೆ ಬಿಟ್ಟ ಮೇಲೆ ತಾಲೀಮು ನಡೆಯುತ್ತಿತ್ತು. ಹಿರಿಯ ಸನ್ಯಾಸಿನಿಯ ಪಾತ್ರ ಮಾಸ್ತರರ ಮನೆಯವರಾದ ಶಿವಗಂಗವ್ವನವರದು. ಬಟ್ಟೆ ಹೊಲಿದವಳು ನಮ್ಮ ಓಣಿಯ ಖಾತುನಬಿ. ಆ ದೇಶದ ಸನ್ಯಾಸಿನಿಯರ ಕರಿಯ ನಿಲುವಂಗಿ, ತಲೆಯ ಮೇಲಿನ ಬಟ್ಟೆ ಎಲ್ಲ ಪುಸ್ತಕದ ಚಿತ್ರ ನೋಡಿ ಹೊಲಿದಳು. "ಅಕ್ಕಾ, ಇದು ನಮ್ಮ ಬುರ್ಖಾದ ತಂಗಿ ಇದ್ದಂಗ ಐತಲ್ಲ!" ಎಂದು ನಕ್ಕಳು. ಕನ್ನಡಿಯಲ್ಲಿ ನೋಡಿಕೊಂಡರೆ ನನ್ನ ಮುಖವಷ್ಟೇ ಕಾಣುತ್ತಿತ್ತು. ಕೊರಳು ಬರಿದೋ, ಕೈಯಲ್ಲಿ ಬಳೆ ಎಷ್ಟಿವೆಯೋ ಯಾರಿಗೂ ತಿಳಿಯುವಂತಿರಲಿಲ್ಲ.

ಒಂದು ಮಾತು ಮುಚ್ಚಿಡಲಾರೆ. ಕೆಟ್ಟವಳಾಗಿ ನಡೆಯುವುದು ನನಗೆ ಭಾಳ ಹಿತವೆನಿಸಿತು. ಹಾಲಿನ ಬಟ್ಟಲನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ನಗುವುದನ್ನು ಮನೆಯಲ್ಲಿ ರೊಟ್ಟಿ ಬಡಿಯುತ್ತಲೂ ಮಾಡಿ ನೋಡುತ್ತಿದ್ದೆ. ಅತ್ತಿಗೆ ಹೆದರಿ ಹಿಂದೆ ಸರಿಯುತ್ತಿದ್ದಳು. ದನಿ ಏರಿಸದೆ ಮಂದಿಯನ್ನು ಅಂಜಿಸುವುದು ಹೇಗೆಂದು ಕಲಿತೆ. ಅದಕ್ಕೆ ನಾನು ಮಾದರಿ ತೆಗೆದುಕೊಂಡದ್ದು ಯಾರನ್ನೆಂದು ನಿಮಗೆ ಹೇಳಬೇಕಿಲ್ಲ. ಅವರ ಮೊಣಕಾಲು ಬೇಗ ಗುಣವಾಗಲಿ.

ಎಲ್ಲ ಪ್ರವೇಶಗಳೂ ಬಂದವು, ಕೊನೆಯದೊಂದು ಬರಲಿಲ್ಲ. ಶಿವಗಂಗವ್ವನವರ ಕಾಲಿಗೆ ಬಿದ್ದು, "ತಪ್ಪಾಯಿತು ತಾಯೇ, ನನ್ನದೇ ತಪ್ಪು" ಎನ್ನಬೇಕು. ಬೀಳುತ್ತಿದ್ದೆ. ಬಿದ್ದ ಮೇಲೆ ಮಾತು ಹೊರಡುತ್ತಿರಲಿಲ್ಲ. ಮಾಸ್ತರರು ಎದುರು ನಿಂತು ಹೇಳಿಕೊಡುತ್ತಿದ್ದರು, ನಾನು ಗಿಳಿಯ ಹಾಗೆ ಅನ್ನುತ್ತಿದ್ದೆ. ಆಟದ ದಿನ ಸರಿಹೋಗುತ್ತದೆ ಬಿಡು ಎಂದರು.

ಆ ಮಾತು ಏಕೆ ಹೊರಡಲಿಲ್ಲವೆಂಬುದು ನಿಮಗೆ ಗೊತ್ತು. ಅತ್ತೆಯವರ ಕೊರಳಿನ ಬಂಗಾರದ ಬೋರಮಾಳ ಕಳೆದ ದಿನ ನೀವು ಪಡಸಾಲೆಯ ಕಂಬಕ್ಕೆ ಆತು ನಿಂತಿದ್ದಿರಿ. ಅತ್ತೆಯವರು ನನ್ನ ಟ್ರಂಕು ಸುರುವಿದರು, ಸೀರೆ ಒಂದೊಂದನ್ನೂ ಝಾಡಿಸಿ ನೋಡಿದರು. ಬಂಗಾರ ಸಿಗಲಿಲ್ಲ. ಆದರೂ ತವರಿಗೆ ಸಾಗಿಸಿದ್ದಾಳೆ ಎಂದರು. ನಾನು ನಿಮ್ಮ ಮುಖ ನೋಡಿದೆ. ನೀವು ನನ್ನನ್ನು ಹಿತ್ತಲಿಗೆ ಕರೆದು, "ತಗೊಂಡಿದ್ದಿ ಅಂತ ನಾ ಅನ್ನಂಗಿಲ್ಲ. ಆದ್ರ ಅವ್ವನ ಕಾಲಿಗೆ ಬಿದ್ದು ತಪ್ಪಾತು ಅಂತ ಒಂದ ಮಾತು ಅನ್ನು, ಮುಗೀತು" ಎಂದಿರಿ. ನಾನು ಅನ್ನಲಿಲ್ಲ. ಎಂಟು ದಿನಕ್ಕೆ ನನ್ನನ್ನು ತಂಬೂರಿನಲ್ಲಿ ಬಸ್ಸಿನಿಂದ ಇಳಿಸಿ, ಬಿತ್ತಿಗೆ ಮುಗಿದ ಮೇಲೆ ಬರುತ್ತೇನೆ ಎಂದು ಅದೇ ಬಸ್ಸು ತಿರುಗಿದಾಗ ಹತ್ತಿ ಹೋದಿರಿ. ಅಂದಿನಿಂದ ಆರು ಬಿತ್ತಿಗೆ ಆದವು.

ಆಟ ಜನೇವರಿ ಇಪ್ಪತ್ತಾರರ ಮಧ್ಯಾಹ್ನ. ಝಂಡಾ ಏರಿಸಿ, ಊಟ ಮುಗಿಸಿ ಮಂದಿಯೆಲ್ಲ ಶಾಲೆಯ ಅಂಗಳದಲ್ಲಿ ಕುಳಿತಿದ್ದರು. ಬಮ್ಮಿಗಟ್ಟಿಯಿಂದಲೂ ಎರಡು ಟ್ರ್ಯಾಕ್ಟರ್ ತುಂಬ ಬಂದಿದ್ದರು. ನಾನು ಹಾಲಿಗೆ ವಿಷ ಬೆರೆಸಿದಾಗ ಮುದುಕಿಯೊಬ್ಬಳು ಎದ್ದು ನಿಂತು, "ಲೇ ಹಿಲ್ದವ್ವಾ, ನಿನ್ನ ಕೈ ಸೇದಿಹೋಗ್ಲಿ!" ಎಂದು ಕೂಗಿದಳು. ಪರದೆಯ ಹಿಂದೆ ಮಾಸ್ತರರು ಖುಷಿಯಿಂದ ಅಳುತ್ತಿದ್ದರು. ಆ ಮಧ್ಯಾಹ್ನ ಒಬ್ಬರೂ ನನ್ನನ್ನು ಪಾಪ ಎನ್ನಲಿಲ್ಲ.

ಕೊನೆಯ ಪ್ರವೇಶಕ್ಕೆ ನನ್ನನ್ನು ಇಬ್ಬರು ಸೈನಿಕರು ಎಳೆದು ತಂದರು. ಶಿವಗಂಗವ್ವನವರು ಎದುರು ನಿಂತಿದ್ದರು. ಆಗ ಗೇಟಿನ ಹತ್ತಿರ, ಸೈಕಲ್ ಹಿಡಿದು ನಿಂತ ನಿಮ್ಮನ್ನು ಕಂಡೆ. ಮೈ ಸ್ವಲ್ಪ ತುಂಬಿದೆ, ಕಿವಿಯ ಮೇಲೆ ಕೂದಲು ಬೆಳ್ಳಗಾಗಿದೆ. ಮೊಣಕಾಲು ಮಡಿಸಲು ಹೋದೆ; ಮಡಿಸಲಿಲ್ಲ. ಹಾಗೆಯೇ ನಿಂತೆ. ಶಿವಗಂಗವ್ವನವರು ಆಶೀರ್ವಾದಕ್ಕೆ ಎತ್ತಿದ ಕೈ ಎತ್ತಿದಂತೆಯೇ ಇತ್ತು. "ನಾನು ಕ್ಷಮೆ ಕೇಳುವುದಿಲ್ಲ" ಎಂದೆ. ದನಿ ಏರಿಸದೆ ಅಂದೆ. ಕೊನೆಯ ಸಾಲಿಗೂ ಕೇಳಿಸಿತೆಂದು ಆಮೇಲೆ ಹೇಳಿದರು. ಶಿವಗಂಗವ್ವನವರು ಕೈ ಇಳಿಸಿ, ಬರೆದಿರದ ಮಾತೊಂದನ್ನು ಅಂದರು: "ಹಾಗಾದರೆ ಹೋಗು." ನಾನು ಪ್ರಾಣ ಬಿಡದೆ ನಡೆದು ಹೋದೆ. ಅದನ್ನೇ ನೀವು ನೋಡಿದ್ದು.

ಇದರಲ್ಲಿ ನನ್ನದೂ ಒಂದು ತಪ್ಪಿದೆ. ಹಿಲ್ದವ್ವ ಕೂಸಿಗೆ ವಿಷ ಹಾಕಿದವಳು; ಅವಳು ಕಾಲಿಗೆ ಬೀಳಬೇಕಾದದ್ದೇ. ಆಕೆಯ ಕೊನೆಯನ್ನು ಕಸಿದು ನನ್ನ ಮಾತು ಆಡಿದೆ, ಮಾಸ್ತರರು ಎರಡು ವರ್ಷ ಕುಳಿತು ಬರೆದ ನಾಟಕ ಕೆಡಿಸಿದೆ. ಬಟ್ಟೆ ಬಿಚ್ಚುವ ಮೊದಲೇ ಅವರ ಹತ್ತಿರ ಹೋಗಿ "ತಪ್ಪಾತ್ರಿ" ಎಂದೆ. ನಾಲಿಗೆ ಒಂದಿಷ್ಟೂ ತಡೆಯಲಿಲ್ಲ. ಮಾಸ್ತರರು, "ಇರ್ಲಿ ಬಿಡವಾ. ಇತಿಹಾಸದಾಗ ಕ್ಷಮಾ ಕೇಳದವರ ಭಾಳ ಮಂದಿ ಅದಾರ" ಎಂದರು. ಶಿವಗಂಗವ್ವನವರು ನನ್ನ ತಲೆಯ ಬಟ್ಟೆಯ ಪಿನ್ನು ಬಿಡಿಸಿದರು.

ಮರುದಿನ ಬಾಲವಾಡಿಗೆ ಒಂದು ಕೂಸೂ ಬರಲಿಲ್ಲ. ಹಿಲ್ದವ್ವ ಹಾಲಿನಲ್ಲಿ ವಿಷ ಹಾಕುತ್ತಾಳೆ ಎಂದು ಎಲ್ಲವೂ ಮನೆಯಲ್ಲಿ ಅತ್ತವಂತೆ. ಮೂರು ದಿನ ಬರಿ ಕೋಣೆಯಲ್ಲಿ ಕುಳಿತೆ. ನಾಲ್ಕನೆಯ ದಿನ ಖಾತುನಬಿಯಿಂದ ಆ ನಿಲುವಂಗಿ ತಂದು ಬಾಗಿಲ ಎದುರಿಗೆ ಹಾಸಿ, ಕಾಯಿಸಿದ ಹಾಲನ್ನು, ದೂರದಿಂದ ನೋಡುತ್ತಿದ್ದ ಕೂಸುಗಳ ಕಣ್ಣೆದುರು, ನಾನೇ ಎರಡು ಲೋಟ ಕುಡಿದೆ. ಒಂದು ಹುಡುಗಿ ಬಂದು ನಿಲುವಂಗಿಯ ಒಳಗೆ ಹೊಕ್ಕಿತು. ಅದರ ಹಿಂದೆ ಎಲ್ಲವೂ ಬಂದವು. ಈಗ ದಿನಾಲು ಹಿಲ್ದವ್ವನ ಆಟವಾಗದೆ ಅವು ಉಪ್ಪಿಟ್ಟು ತಿನ್ನುವುದಿಲ್ಲ. ಅಣ್ಣನೂ ಮೊನ್ನೆ ಸಂತೆಯಲ್ಲಿ ಯಾರೋ ಕೇಳಿದರೆ, "ಹೌದ್ರಿ, ನಮ್ಮ ತಂಗೀನ ಆಕಿ" ಎಂದನಂತೆ. ಅತ್ತಿಗೆ ಹೇಳಿದಳು.

ಇನ್ನು ನಿಮ್ಮ ಎರಡನೆಯ ಮಾತು. ಪತ್ರದ ಕೊನೆಗೆ, ಜಾಗ ಸಾಲದವರ ಹಾಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ: ಬೋರಮಾಳ ಅವ್ವನ ಹಳೆಯ ಕೌದಿಯ ಮಡಿಕೆಯಲ್ಲಿ ಸಿಕ್ಕಿತು, ಆಗಲೇ ಎರಡು ವರ್ಷವಾಯಿತು. ಆದರೂ ಹಿರಿಯರ ಮಾನಕ್ಕಾಗಿ ಬಂದ ದಿನ ಒಮ್ಮೆ ಕಾಲಿಗೆ ಬಿದ್ದುಬಿಡು, ಎಲ್ಲ ಸರಿಹೋಗುತ್ತದೆ.

ಎರಡು ವರ್ಷ. ದೇವಿಕೊಪ್ಪದಿಂದ ತಂಬೂರಿಗೆ ಸೈಕಲ್ ಮೇಲೆ ಬರಬಹುದೆಂದು ನೀವೇ ತೋರಿಸಿದ್ದೀರಿ.

ನನಗೆ ಸಿಟ್ಟು ಬಂದಿಲ್ಲ. ಬಂದಿತ್ತು, ಗುರುವಾರ ಬಂದು ಶನಿವಾರ ಇಳಿಯಿತು. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ. ನೀವು ಕೆಟ್ಟವರಲ್ಲ. ನನ್ನ ಮೇಲೆ ಎಂದೂ ಕೈ ಎತ್ತಿದವರಲ್ಲ, ಜ್ವರ ಬಂದಾಗ ಗಂಜಿ ಮಾಡಿ ಕೊಟ್ಟವರು. ಆದರೆ ಕಂಬಕ್ಕೆ ಆತು ನಿಂತವರು. ಆ ಮನೆಗೆ ನಾನು ಬರುವುದಿಲ್ಲ. ಶಿವರಾತ್ರಿಗೆ ನೀವು ಬರುವುದೂ ಬೇಡ. ನೀವು ಇನ್ನೊಂದು ಮದುವೆ ಮಾಡಿಕೊಳ್ಳುವುದಾದರೆ ಕಲಘಟಗಿಯ ವಕೀಲರಲ್ಲಿ ಕಾಗದ ಮಾಡಿಸಿರಿ, ನನ್ನ ತಕರಾರಿಲ್ಲ, ಸಹಿ ಹಾಕುತ್ತೇನೆ. ಮಾರ್ಚಿನಿಂದ ನನಗೆ ಧಾರವಾಡದಲ್ಲಿ ಮೂರು ತಿಂಗಳ ಬಾಲವಾಡಿ ತರಬೇತಿ ಇದೆ. ಅದಕ್ಕೆ ಮುಂಚೆ ಆದರೆ ಒಳ್ಳೆಯದು. ಅತ್ತೆಯವರಿಗೆ ಬೋರಮಾಳ ಸಿಕ್ಕಿದ್ದು ಕೇಳಿ ಸಂತೋಷವಾಯಿತೆಂದು ತಿಳಿಸಿರಿ. ಅವರು ನನಗೆ ಏನಾದರೂ ಹೇಳುವುದಿದ್ದರೆ ವಿಳಾಸ ಮೇಲಿದೆ.

ನಿಮ್ಮ ಆರೋಗ್ಯ ನೋಡಿಕೊಳ್ಳಿರಿ. ಬಿಸಿಲಲ್ಲಿ ಸೈಕಲ್ ತುಳಿಯಬೇಡಿರಿ.

ಇಂತಿ,
ಸಾವಂತ್ರೆವ್ವ
ಬಾಲವಾಡಿ ಶಿಕ್ಷಕಿ, ತಂಬೂರ

ತಾ.ಕ.: ನಾಟಕದ ಕರಪತ್ರವನ್ನು ನಿಮಗೆ ಅಂಚೆಯಲ್ಲಿ ಕಳಿಸಿದವಳು ನಾನೇ. ನನ್ನ ಅಕ್ಷರ ಕಂಡರೆ ಬರಲಿಕ್ಕಿಲ್ಲವೆಂದು ವಿಳಾಸವನ್ನು ಖಾತುನಬಿಯಿಂದ ಬರೆಸಿದೆ. ಆ ದಿನ ಪ್ರತಿ ಪ್ರವೇಶದಲ್ಲಿಯೂ ಪರದೆಯ ಸಂದಿನಿಂದ ಗೇಟಿನ ಕಡೆಗೆ ನೋಡುತ್ತಲೇ ಇದ್ದೆ. ನೀವು ತಡವಾಗಿ ಬಂದಿರಿ, ಆದರೂ ಬಂದಿರಿ. ನಿಮಗೆ ನನ್ನನ್ನು ಒಮ್ಮೆ ತೋರಿಸಬೇಕೆಂದಿತ್ತು. ತೋರಿಸಿದೆ.