ಲೇಬಲ್ ವಿಭಾಗದ ನಾಮಪತ್ರ

ಜೂನ್ 4, 1962. ಸೋಮವಾರ

ಇವತ್ತೂ ಕೆಮ್ಮಿನ ಔಷಧಿಯ ಬಾಟಲಿಗೆ ಲೇಬಲ್ ಅಂಟಿಸುವ ಸರದಿ. ಊಟದ ಹೊತ್ತಿಗೆ ಬೆರಳಿನ ಗೋಂದು ಒಣಗಿ ಗಟ್ಟಿಯಾಗಿತ್ತು. ಕೆರೆದು ತೆಗೆಯುತ್ತಿದ್ದಾಗ ದೇವಸಹಾಯಂ ಬಂದರು. ಸ್ಟೋರ್ಸಿನವರು, ಯೂನಿಯನ್ ಅಧ್ಯಕ್ಷರು. ಚುನಾವಣೆಯ ಸ್ಕ್ರೂಟಿನಿ ಕಮಿಟಿಗೆ ನನ್ನ ಹೆಸರು ಹಾಕಿದ್ದಾರಂತೆ. ಅವರು, ಆಫೀಸಿನ ರಘುರಾಮ, ನಾನು. ನಾಮಪತ್ರ ಹಾಕಿದವರು ನಿಲ್ಲಬಹುದೋ ಇಲ್ಲವೋ ಎಂದು ನೋಡಿ ಹೇಳುವುದು.

ನಾನೇ ಯಾಕೆ ಎಂದೆ. "ವಿಮಲಾ, ನಿನ್ನ ಅಕ್ಷರ ಚೆನ್ನಾಗಿದೆ. ಯಾರ ಜೊತೆಗೂ ಜಗಳ ಇಲ್ಲ" ಎಂದರು ತಮಿಳಿನಲ್ಲಿ. ಜಗಳ ಇಲ್ಲ, ನಿಜ. ಜಗಳವಾಡಿದರೆ ಜನ ಮನೆಯ ಸುದ್ದಿಗೆ ಬರುತ್ತಾರೆ.

ನೀರಜಾ ಜಾಯಿಂಟ್ ಸೆಕ್ರೆಟರಿ ಜಾಗಕ್ಕೆ ನಿಂತಿದ್ದಾಳೆ. ನನ್ನ ಎದುರು ಬೆಂಚಿನವಳು. ಲೇಬಲ್ ವಿಭಾಗದಲ್ಲಿ ಅರವತ್ತು ಹೆಂಗಸರಿದ್ದೇವೆ, ಯೂನಿಯನ್ ಕಮಿಟಿಯಲ್ಲಿ ಇದುವರೆಗೆ ಒಬ್ಬಳೂ ಇಲ್ಲ. "ಮದುವೆಯಾದ ಹೆಂಗಸಿಗೆ ಇಲ್ಲಿ ಕೆಲಸ ಇಲ್ಲ ಅನ್ನೋ ರೂಲನ್ನ ತೆಗೆಸ್ತೀನಿ" ಎಂದಳು ಊಟದ ಶೆಡ್ಡಿನಲ್ಲಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಸ್ವಲ್ಪ ತಡವಾಗಿ.

ಜೂನ್ 7. ಗುರುವಾರ

ಆಕ್ಷೇಪ ಬಂದಿದೆ. ಬರೆದುಕೊಟ್ಟವನು ಭೋಜರಾಜ. ಬಾಟಲಿ ತುಂಬುವ ಮೆಷಿನ್ನಿನ ಮೆಕ್ಯಾನಿಕ್, ಅದೇ ಜಾಗಕ್ಕೆ ನೀರಜಾಳ ಎದುರು ನಿಂತವನು. ಮೇ ತಿಂಗಳಲ್ಲಿ ತಿರುತ್ತಣಿಯಲ್ಲಿ ಆಕೆಯ ಮದುವೆಯಾಗಿದೆ. ಮದುವೆಯಾದ ದಿನವೇ ಹೆಂಗಸಿನ ಕೆಲಸ ಮುಗಿಯಿತೆಂದು ನೇಮಕಾತಿ ಪತ್ರದಲ್ಲಿದೆ. ಕೆಲಸಗಾರಳಲ್ಲದವಳು ಯೂನಿಯನ್ ಚುನಾವಣೆಗೆ ನಿಲ್ಲುವಂತಿಲ್ಲ. ಜೊತೆಗೊಂದು ಫೋಟೋ. ಹಾರ ಹಾಕಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಾಳೆ.

ಫೋಟೋ ನನ್ನ ಕೈಗೆ ಬಂದ ಕೂಡಲೇ ಮಗುಚಿ ಇಟ್ಟೆ. "ಯಾಕೆ, ಸರಿಯಾಗಿ ನೋಡಲ್ವಾ?" ಎಂದ ರಘುರಾಮ. ನೋಡಿಯಾಯಿತು ಎಂದೆ.

ಇಲ್ಲಿ ಬರೆಯದೆ ಇನ್ನೆಲ್ಲಿ ಬರೆಯಲಿ. ನನಗೂ ಮದುವೆಯಾಗಿದೆ. ಎರಡು ವರ್ಷ ಮೂರು ತಿಂಗಳಾಯಿತು. ಕಟೀಲಿನಲ್ಲಿ, ಹತ್ತೇ ಜನರ ಎದುರು. ಅವರು ಪಲ್ಲಾವರಂ ಸ್ಟೇಷನ್ನಿನಲ್ಲಿ ಬುಕಿಂಗ್ ಕ್ಲರ್ಕ್. ನಾನು ಪುರಸೈವಾಕ್ಕಂನಲ್ಲಿ ಅಮ್ಮನ ಜೊತೆ. ಅಪ್ಪ ಹೋದ ಮೇಲೆ ಅಮ್ಮನಿಗೆ ಇರುವುದು ನನ್ನ ಸಂಬಳ. ಅವರದ್ದು ಊರಿನಲ್ಲಿರುವ ತಂದೆ ತಾಯಿಗೆ, ಇಬ್ಬರು ತಂಗಿಯರಿಗೆ. ಹಾಗಾಗಿ ಕಂಪನಿಯ ಪುಸ್ತಕದಲ್ಲಿ ನಾನು ಮಿಸ್ ವಿಮಲಾ. ಭಾನುವಾರ ಮಾತ್ರ ಹೆಂಡತಿ.

ಜೂನ್ 8. ಶುಕ್ರವಾರ

ಹೆಂಗಸಾದ್ದರಿಂದ ನೀರಜಾಳನ್ನು ನಾನೇ ವಿಚಾರಿಸಬೇಕಂತೆ. ನಲ್ಲಿಯ ಹತ್ತಿರ ಸಿಕ್ಕಳು. ಕೇಳಿದೆ. ಸುಳ್ಳು ಹೇಳಲಿ, ಸುಳ್ಳು ಹೇಳಲಿ ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದೆ.

"ಆಗಿರೋದು ನಿಜ ಅಕ್ಕಾ. ಅದಕ್ಕೇ ತಾನೇ ನಿಂತಿರೋದು" ಎಂದಳು. ಮೈಸೂರು ಕಡೆಯವಳು, ಹುಟ್ಟಿ ಬೆಳೆದದ್ದು ಇಲ್ಲೇ. "ವರ್ಕರ್ಸ್ ಪಟ್ಟೀಲಿ ನನ್ನ ಹೆಸರು ಇನ್ನೂ ಇದೆಯಲ್ಲ? ಕಂಪನಿ ತೆಗೆಯೋ ತನಕ ನಾನು ವರ್ಕರ್ರೇ. ಅಷ್ಟು ಬರೆಯಿರಿ, ಸಾಕು."

ಕೆಲಸ ಹೋದರೆ ಎಂದೆ.

ಸೆರಗಿನಿಂದ ಕೈ ಒರೆಸಿಕೊಂಡಳು. "ಬಚ್ಚಿಟ್ಕೊಂಡು ಎಷ್ಟು ದಿನ ಇರೋದು? ನಿಮಗೆ ಗೊತ್ತಾಗಲ್ಲ ಬಿಡಿ. ಮದುವೆ ಆಗದೋರಿಗೆ ಇದು ಗೊತ್ತಾಗಲ್ಲ."

ಮಾತು ಬಾಯಿಯ ತನಕ ಬಂತು... ನೀರು ಕುಡಿದು ಬಂದೆ.

ಜೂನ್ 10. ಭಾನುವಾರ

ಪಲ್ಲಾವರಂ. ಅವರ ಜೊತೆ ಕೋಣೆಯಲ್ಲಿರುವವರು ಎಂದಿನಂತೆ ಅಣ್ಣನ ಮನೆಗೆ ಹೋಗಿದ್ದರು. ಇವರು ನನಗೆಂದು ತಾಟಿನುಂಗು ತಂದಿಟ್ಟಿದ್ದರು, ನನಗೆ ಸೇರಲಿಲ್ಲ. ಎಲ್ಲ ಹೇಳಿದೆ.

"ನಿನಗೆ ಎಂತಕ್ಕೆ ಇದೆಲ್ಲ? ಆ ಕಮಿಟಿ ಬಿಟ್ಟುಬಿಡು."

"ಬಿಟ್ರೆ ಯಾಕೆ ಬಿಟ್ಟದ್ದು ಅಂತ ಕೇಳುದಿಲ್ವಾ?"

"ಹಾಗಾದ್ರೆ ಅವಳು ನಿಲ್ಲಲಿಕ್ಕೆ ಆಗುದಿಲ್ಲ ಅಂತ ಬರೆ. ಅವಳು ಬಿದ್ದಳು ಅಂತ ನೀನೂ ಬೀಳ್ಬೇಕು ಅಂತ ಉಂಟಾ?"

ಕೆಟ್ಟ ಮನುಷ್ಯರಲ್ಲ. ಹೆದರಿದ್ದಾರೆ. ನನ್ನ ಹಾಗೆಯೇ.

ಜೂನ್ 12. ಮಂಗಳವಾರ

ಕಮಿಟಿ ಬಿಡುತ್ತೇನೆಂದೆ. ದೇವಸಹಾಯಂ ಒಪ್ಪಲಿಲ್ಲ. ಈಗ ಬಿಟ್ಟರೆ ನಿನ್ನನ್ನು ಯಾರೋ ಕೊಂಡುಕೊಂಡರು ಎನ್ನುತ್ತಾರೆ ಎಂದರು.

ಸಂಜೆ ಬಸ್ ಸ್ಟಾಪಿಗೆ ಭೋಜರಾಜ ಬಂದ. ಮರ್ಯಾದೆಯಿಂದಲೇ ಮಾತಾಡಿದ. "ಏನಮ್ಮಾ, ಪ್ರತಿ ವಾರ ಪಲ್ಲಾವರಂಗೆ ಹೋಗ್ತೀರಂತೆ?"

"ಸಂತೆಗೆ" ಎಂದೆ.

"ಸಂದೈ ವೆಳ್ಳಿಕ್ಕಿಳಮೈ ಅಲ್ವಾಮ್ಮಾ? ಶುಕ್ರವಾರ. ನೀವು ಹೋಗೋದು ಭಾನುವಾರ." ಅಷ್ಟೇ. ನನ್ನ ಬಸ್ ಬಂದಾಗ ಕೈ ಅಡ್ಡ ಹಿಡಿದು ನಿಲ್ಲಿಸಿಕೊಟ್ಟ.

ಎಷ್ಟು ಗೊತ್ತಿದೆ ಅವನಿಗೆ? ಎಲ್ಲವೂ? ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಬಂದೆ. ಸೀಟಿತ್ತೆಂದು ಇಳಿಯುವಾಗ ಗೊತ್ತಾಯಿತು.

ಜೂನ್ 14. ಗುರುವಾರ

ಮುಗಿಯಿತು.

ಕಂಪನಿಯ ರೂಲು ಕಂಪನಿಯದ್ದು, ಅದನ್ನು ಜಾರಿ ಮಾಡುವುದು ಯೂನಿಯನ್ನಿನ ಕೆಲಸವಲ್ಲ, ಪಟ್ಟಿಯಲ್ಲಿ ಹೆಸರಿದೆ, ನಿಲ್ಲಬಹುದು ಎಂದರು ದೇವಸಹಾಯಂ. ನಿಲ್ಲುವಂತಿಲ್ಲ ಎಂದ ರಘುರಾಮ. ಇಬ್ಬರೂ ನನ್ನ ಕಡೆ ನೋಡಿದರು. ನೀರಜಾ ಬಾಗಿಲ ಹತ್ತಿರದ ಬೆಂಚಿನಲ್ಲಿದ್ದಳು. ಗೋಡೆಗೆ ಒರಗಿಕೊಂಡು ಭೋಜರಾಜ.

ನಿಲ್ಲುವಂತಿಲ್ಲ ಎಂದೆ.

ದೇವಸಹಾಯಂ ಕಾಗದ ನನ್ನ ಮುಂದೆ ತಳ್ಳಿದರು. ತೀರ್ಪು ಬರೆಯಬೇಕಾದವಳೂ ನಾನೇ. "ಅಭ್ಯರ್ಥಿಯು ವಿವಾಹಿತಳೆಂದು ಸಮಿತಿಗೆ ಖಚಿತವಾಗಿರುವುದರಿಂದ..." ಎಂದು ಇಂಗ್ಲಿಷಿನಲ್ಲಿ. ಚಿತ್ತಿಲ್ಲ, ಕಾಟಿಲ್ಲ.

ಜೂನ್ 25. ಸೋಮವಾರ

ಎದುರು ಬೆಂಚು ಖಾಲಿ. ಶನಿವಾರ ನೀರಜಾಳಿಗೆ ಕೆಲಸದಿಂದ ತೆಗೆದ ನೋಟೀಸು ಕೊಟ್ಟರಂತೆ. ಭೋಜರಾಜ ಗೆದ್ದ. ಎಲ್ಲರಿಗೂ ಲಡ್ಡು ಹಂಚಿದರು. ನನ್ನದನ್ನು ಪಕ್ಕದವಳಿಗೆ ಕೊಟ್ಟೆ.

ಆಗಸ್ಟ್ 19. ಭಾನುವಾರ

ಎರಡು ತಿಂಗಳಿಂದ ಇದನ್ನು ತೆರೆದಿಲ್ಲ. ಬರೆಯುವಂಥದ್ದು ಏನಿತ್ತು.

ಇವತ್ತು ಪಲ್ಲಾವರಂಗೆ ಹೋಗಲಿಲ್ಲ, ಅಮ್ಮನಿಗೆ ಜ್ವರ. ಆಕೆಗೆ ಹೊದಿಕೆ ತರಲು ನಮ್ಮದೇ ಬೀದಿಯ ಬಟ್ಟೆ ಅಂಗಡಿಗೆ ಹೋದೆ. ಕೌಂಟರಿನ ಹಿಂದೆ ನೀರಜಾ, ಸೀರೆ ಮಡಿಸುತ್ತಿದ್ದಳು. ತಿರುಗಿ ಹೊರಡಬೇಕೆನಿಸಿತು. ಅಷ್ಟರಲ್ಲಿ ನೋಡಿಬಿಟ್ಟಳು.

"ನೋಟೀಸಿನ ಜೊತೆ ನಿಮ್ಮ ತೀರ್ಪಿನ ಕಾಪಿ ಇಟ್ಟಿದ್ರು ಅಕ್ಕಾ. ನಿಮ್ಮ ಕೈಬರಹಾನೇ" ಎಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಿಂತುಕೊಳ್ಳಲು ಸುಲಭವಾಗುತ್ತಿತ್ತು. ಕಂಪನಿಗೆ ಬೇರೆ ಪುರಾವೆಯೇ ಬೇಕಾಗಲಿಲ್ಲ. ನಾವೇ ಕೊಟ್ಟಿದ್ದೆವು.

ಲೇಬರ್ ಕೋರ್ಟಿಗೆ ಹೋಗಬೇಕೆಂದಿದ್ದಾಳೆ. ಆದರೆ ಯೂನಿಯನ್ನೇ ಕೇಸು ಹಿಡಿಯಬೇಕು, ಒಬ್ಬಳೇ ಹೋದರೆ ನಡೆಯುವುದಿಲ್ಲ ಎಂದಿದ್ದಾರಂತೆ ವಕೀಲರು. "ಕೆಲಸದಲ್ಲಿ ಇರೋ ಒಬ್ಬಳಾದ್ರೂ ನನಗೂ ಹೀಗೇ ಅಂತ ಬಾಯಿ ಬಿಟ್ರೆ ಯೂನಿಯನ್ ಅಲ್ಲಾಡ್ತಿತ್ತು. ಯಾರು ಬಿಡ್ತಾರೆ?" ಹೊದಿಕೆಯನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು. ಅಮ್ಮನಿಗೆ ಜ್ವರ ಎಂದಾಗ ಶುಂಠಿ ಕಷಾಯ ಮಾಡಿಕೊಡಿ ಎಂದಳು.

ಆಗಸ್ಟ್ 31. ಶುಕ್ರವಾರ

ನೀರಜಾ ಹೋದಾಗಿನಿಂದ ಲೇಬಲ್ ವಿಭಾಗದವರು ಯೂನಿಯನ್ ಮೀಟಿಂಗಿಗೆ ಹೋಗುತ್ತಿಲ್ಲ. ಅದಕ್ಕೆ ಈಗ ಕಮಿಟಿಯಲ್ಲಿ ಹೆಂಗಸರಿಗೊಂದು ಜಾಗ ಮಾಡಿದ್ದಾರೆ. ಭೋಜರಾಜ ನಾಮಪತ್ರದ ಫಾರಂ ತಂದು ನನ್ನ ಬೆಂಚಿನ ಮೇಲಿಟ್ಟ.

"ನೀವೇ ನಿಲ್ಲಿ. ಯಾರೂ ಎದುರು ಹಾಕಲ್ಲ, ಯಾರೂ ಆಕ್ಷೇಪ ತರಲ್ಲ. ಅದು ನನ್ನ ಪೊರುಪ್ಪು, ನನ್ನ ಜವಾಬ್ದಾರಿ."

ನನಗೆ ಬೇಡ ಎಂದೆ.

"ಬೇಡ ಅಂದ್ರೆ ಹೇಗಮ್ಮಾ? ಭಾನುವಾರ ಯೋಚನೆ ಮಾಡಿ. ಪಲ್ಲಾವರಂನಲ್ಲಿ ಕೂತು."

ಎಲ್ಲವೂ ಗೊತ್ತಿದೆ. ಇನ್ನು ಕಮಿಟಿಯಲ್ಲಿ ಕೂತು, ಅವನು ಎತ್ತಿದಾಗ ಕೈ ಎತ್ತಬೇಕು. ಒಂದು ವರ್ಷವೋ, ಹತ್ತು ವರ್ಷವೋ.

ಸೆಪ್ಟೆಂಬರ್ 2. ಭಾನುವಾರ

ಫಾರಂ ತೋರಿಸಿದೆ. ಕೆಲಸಗಾರರ ಟಿಕೆಟ್ ನಂಬರ್, ವಿಭಾಗ, ತಂದೆ ಅಥವಾ ಗಂಡನ ಹೆಸರು.

"ನಿಮ್ಮ ಹೆಸರು ಬರೀತೇನೆ" ಎಂದೆ.

ಅವರು ಫಾರಂ ಮಡಿಸಿದರು, ಮತ್ತೆ ಬಿಡಿಸಿದರು. ಸ್ಟೇಷನ್ನಿನ ಕಡೆಯಿಂದ ರೈಲೊಂದು ಬಂತು, ಹೋಯಿತು.

"ಕೆಲಸ ಹೋಗ್ತದೆ."

"ಗೊತ್ತುಂಟು."

"ಅಮ್ಮನಿಗೆ ಎಂತ ಮಾಡ್ತಿ?"

"ಇಲ್ಲಿಗೆ ಕರ್ಕೊಂಡು ಬರ್ತೇನೆ."

"ಈ ಕೋಣೆಗಾ?"

"ನಿಮ್ಮ ಜೊತೆಯವರಿಗೆ ಅಣ್ಣನ ಮನೆ ಉಂಟಲ್ಲ" ಎಂದೆ. ಅವರು ಎದ್ದರು. ಟ್ರಂಕನ್ನು ಗೋಡೆಯಿಂದ ಎಳೆದು ಕಿಟಕಿಯ ಕೆಳಗೆ ತಳ್ಳಿದರು. ಖಾಲಿಯಾದ ಜಾಗದಲ್ಲಿ ಚಾಪೆ ಬಿಡಿಸಿ ನೋಡಿದರು. ಒಂದು ಮೊಳ ಸಾಲಲಿಲ್ಲ. ಟ್ರಂಕನ್ನು ಇನ್ನೊಂದು ಮೂಲೆಗೆ ಎಳೆದರು.

ಸೆಪ್ಟೆಂಬರ್ 4. ಮಂಗಳವಾರ, ಮಧ್ಯಾಹ್ನ 12.50

ಊಟದ ಶೆಡ್ಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಫಾರಂ ಕೊಟ್ಟಾಯಿತು. ಭೋಜರಾಜ ಕೈ ಚಾಚಿದ, ಅವನಿಗೆ ಕೊಡಲಿಲ್ಲ. ದೇವಸಹಾಯಂ ಅವರ ಕೈಗೇ ಕೊಟ್ಟೆ. ಎಲ್ಲರ ಎದುರು ಗಟ್ಟಿಯಾಗಿ ಓದಿ ಎಂದೆ. ಜೊತೆಗೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ಜೂನ್ ಹದಿನಾಲ್ಕರಂದು ನಾನು ಯಾಕೆ ಹಾಗೆ ಬರೆದೆ ಎಂದು. ಅದನ್ನು ನೀರಜಾಳ ವಕೀಲರು ಕೋರ್ಟಿಗೆ ಕೊಡಬಹುದು ಎಂದೂ ಬರೆದಿದ್ದೇನೆ.

ಬುತ್ತಿಯ ಮುಚ್ಚಳ ತೆಗೆದಿಟ್ಟಿದ್ದೇನೆ. ಹಸಿವಾಗುತ್ತಿದೆ. ಎಷ್ಟು ದಿನವಾಗಿತ್ತು.

ದೇವಸಹಾಯಂ ಓದಲು ಶುರು ಮಾಡಿದರು. ಹೆಸರು, ವಿಮಲಾ. ಟಿಕೆಟ್ ನಂಬರ್ 118. ವಿಭಾಗ, ಲೇಬಲ್. ಭೋಜರಾಜ ಇತ್ತ ತಿರುಗಿದ್ದಾನೆ. ಹೆಂಗಸರು ಊಟ ನಿಲ್ಲಿಸಿದ್ದಾರೆ. ಗಂಡನ ಹೆಸರು, ತಿರುಮಲೇ—